ಎಷ್ಟು ಮೆಟ್ಟಿಲು?

ಉಜ್ಬೇಕಿಸ್ತಾನದ ಸಮರ್ಕಂದ್‌ಗೆ ಹೋಗಬೇಕೆಂದು ನಾನು ಹೇಳಿಕೊಂಡು ತಿರುಗುತ್ತಿರುವುದು ಇದು ಒಂಬತ್ತನೇ ವರ್ಷ. ಮನೆಯಲ್ಲಿ ಅದು ತಮಾಷೆಯ ಮಾತಾಗಿ ಎಷ್ಟೋ ಕಾಲವಾಯಿತು. ಮಿಕ್ಸಿ ರಿಪೇರಿಗೆ ಕೊಡಲು ತಡ ಮಾಡಿದರೂ "ಅವರು ಸಮರ್ಕಂದ್‌ಗೆ ಹೋಗಿಬಂದ ಮೇಲೆ ಕೊಡುತ್ತಾರೆ" ಎನ್ನುತ್ತಾಳೆ ಹೆಂಡತಿ. ಮೊದಲು ಮಗಳ ಪಿಯುಸಿ ಪರೀಕ್ಷೆ, ಆಮೇಲೆ ತಾರಸಿ ಸೋರಿದ್ದು, ಆಮೇಲೆ ಕೊರೊನಾ, ಅದಾದ ಮೇಲೆ ಅಪ್ಪನ ಆಸ್ಪತ್ರೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ನಿಜವಾದ ಕಾರಣಗಳೇ. ಸಾಲಾಗಿ ನಿಲ್ಲಿಸಿದಾಗ ಮಾತ್ರ ಕುಂಟು ನೆಪಗಳಂತೆ ಕಾಣುತ್ತವೆ. (ಈ "ಕುಂಟು ನೆಪ" ಎಂಬ ಮಾತನ್ನು ಬರೆದು, ಅಳಿಸಿ, ಮತ್ತೆ ಬರೆದಿದ್ದೇನೆ. ಯಾಕೆಂದು ಮುಂದೆ ತಿಳಿಯುತ್ತದೆ.)

ಈ ವರ್ಷ ಯೋಜನೆ ಹೇಗೋ ಕಾಗದಕ್ಕಿಳಿಯಿತು. ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಮೂರು ಗಂಟೆಯ ಹಾರಾಟದಲ್ಲಿ ತಾಷ್ಕೆಂಟ್. ನಮ್ಮೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ, ಅಷ್ಟೇ. ವೀಸಾಕ್ಕೆ ದೆಹಲಿಯ ರಾಯಭಾರ ಕಚೇರಿಯ ಮುಂದೆ ಸಾಲು ನಿಲ್ಲಬೇಕಿಲ್ಲ; 20 ಡಾಲರ್ ಕಟ್ಟಿ ಮನೆಯಿಂದಲೇ ಇ-ವೀಸಾ ಪಡೆಯಬಹುದು. ತಾಷ್ಕೆಂಟ್‌ನಿಂದ ಸಮರ್ಕಂದ್‌ಗೆ ಅಫ್ರೋಸಿಯೋಬ್ ಎಂಬ ವೇಗದ ರೈಲಿದೆ. ಸುಮಾರು 340 ಕಿಲೋಮೀಟರ್ ದಾರಿಗೆ ಎರಡು ಗಂಟೆ ಚಿಲ್ಲರೆ. ಟಿಕೆಟ್ ಬೇಗ ಮುಗಿದುಹೋಗುತ್ತದೆಯಾದ್ದರಿಂದ ಅದನ್ನು ಮಾತ್ರ ಮರೆಯುವಂತಿಲ್ಲ. ಹೋಟೆಲಿನವರು ಕೊಡುವ ನೋಂದಣಿ ಚೀಟಿಯನ್ನು ದೇಶ ಬಿಡುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಇವನ್ನೆಲ್ಲ ಬರೆದುಕೊಂಡು, ದಿನಕ್ಕೊಂದು ಸಾಲಿನಂತೆ ಏಳು ದಿನದ ಪಟ್ಟಿ ಮಾಡಿ, ಮುದ್ರಿಸಿಕೊಂಡು, ಊರಿನ ಗೆಳೆಯನೊಬ್ಬನಿಗೆ ತೋರಿಸಲು ಹೋದೆ. ಬರೀ ತೋರಿಸಲು. ಅವನು ಪಟ್ಟಿಯನ್ನು ಒಮ್ಮೆ ಓದಿದ, ಕನ್ನಡಕ ಹಣೆಗೇರಿಸಿದ, "ತೈಮೂರನ ಸಮಾಧಿ ಇರುವ ಊರಲ್ಲವೇನೋ ಇದು? ನಾನೂ ಬರುತ್ತೇನೆ" ಎಂದ. ಅದರ ಬೆನ್ನಿಗೇ, "ಎಷ್ಟು ಮೆಟ್ಟಿಲು?"

ನನ್ನ ಪಟ್ಟಿಯಲ್ಲಿ ರೈಲಿನ ಸಮಯವಿತ್ತು, ಹವೆಯ ಉಷ್ಣಾಂಶವಿತ್ತು, ಒಂದು ಡಾಲರಿಗೆ ಸುಮಾರು 12,000 ಸೋಮ್ ಎಂಬ ಲೆಕ್ಕವೂ ಇತ್ತು. ಮೆಟ್ಟಿಲು ಇರಲಿಲ್ಲ.

ಏಳನೇ ತರಗತಿ

ಅವನಿಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಎಡಗಾಲು ಸಣ್ಣದಾಗಿ ಉಳಿಯಿತು. ನಾವು ಏಳನೇ ತರಗತಿಯಲ್ಲಿದ್ದಾಗ, ಅಂದರೆ 1984ರ ಸುಮಾರಿಗೆ, ಅವನು ಕೈಯಿಂದ ತೊಡೆಯನ್ನು ಒತ್ತಿ ಹಿಡಿದುಕೊಂಡು ನಡೆಯುತ್ತಿದ್ದ. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಬಂದದ್ದು ಆಮೇಲೆ. ಇತಿಹಾಸದ ಮೇಷ್ಟ್ರು ಒಳ್ಳೆಯ ಮಾತುಗಾರರು. ಪಾಣಿಪತ್ ಎಂದರೆ ಮೇಜಿನ ಮೇಲೆ ಡಸ್ಟರುಗಳ ಸೈನ್ಯ ನಿಲ್ಲುತ್ತಿತ್ತು. 1398ರ ದೆಹಲಿ ದಾಳಿಯ ಪಾಠದ ದಿನ ಅವರು ಸೀಮೆಸುಣ್ಣ ಕೆಳಗಿಟ್ಟು, "ಲಂಗ್ ಎಂದರೆ ಪಾರ್ಸಿಯಲ್ಲಿ ಕುಂಟ. ಹೀಗೆ ಬಂದನಪ್ಪ ತೈಮೂರ" ಎಂದು ಕಪ್ಪುಹಲಗೆಯಿಂದ ಬಾಗಿಲಿನವರೆಗೆ ಒಂದು ಕಾಲು ಎಳೆದುಕೊಂಡು ನಡೆದು ತೋರಿಸಿದರು. ತರಗತಿ ಬಿದ್ದುಬಿದ್ದು ನಕ್ಕಿತು. ಬಾಗಿಲ ಬಳಿ ತಿರುಗಿದಾಗ ಅವರ ಕಣ್ಣು ಎರಡನೇ ಬೆಂಚಿನ ಮೇಲೆ ಬಿತ್ತು. ಅವರು ಪಂಚೆಗೆ ಕೈ ಒರೆಸಿಕೊಂಡದ್ದು ನನಗೆ ಈಗಲೂ ಕಾಣುತ್ತದೆ. ಆ ಬಿಳಿ ಪಂಚೆಯ ಮೇಲೆ ಸುಣ್ಣದ ಗುರುತು ಬೀಳಲಿಲ್ಲ.

ಎರಡನೇ ಬೆಂಚಿನವನು ಎದ್ದು ನಿಂತ. ಎದ್ದು ನಿಲ್ಲಲು ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. "ಸಾರ್, ಹೀಗೆ ನಡೆದುಕೊಂಡು ದೆಹಲಿಗೆ ಬರಲು ಅವನಿಗೆ ಎಷ್ಟು ದಿನ ಹಿಡಿಯಿತು?"

"ಕುದುರೆ ಇತ್ತಲ್ಲಪ್ಪ" ಎಂದರು ಮೇಷ್ಟ್ರು. ಗಂಟೆ ಹೊಡೆಯಿತು.

ಹೊರಗೆ ನಲ್ಲಿಯ ಬಳಿ ನೀರು ಕುಡಿಯಲು ನೂಕಾಡುತ್ತಿದ್ದಾಗ "ದಾರಿ ಬಿಡಿ, ತೈಮೂರ ಬರುತ್ತಿದ್ದಾನೆ" ಎಂದವನು ನಾನು. ಆ ಹೆಸರು ಹತ್ತನೇ ತರಗತಿ ದಾಟಿ, ಅವನ ಮದುವೆಯವರೆಗೂ ಉಳಿಯಿತು. ಅವನ ನಿಜವಾದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಬೇಡ ಎಂದಿದ್ದಾನೆ. ಹೆಸರಿಟ್ಟವನು ನಾನೆಂದು ಅವನಿಗೆ ಎಂದೂ ಹೇಳಿರಲಿಲ್ಲ. ಈ ಬರಹದ ಕರಡನ್ನು ಮೊದಲು ಅವನಿಗೇ ಓದಲು ಕೊಟ್ಟೆ. ಈ ಜಾಗದಲ್ಲಿ ಅಂಚಿಗೆ ಕೆಂಪು ಶಾಯಿಯಲ್ಲಿ ಹೀಗೆ ಬರೆದು ಹಿಂದಿರುಗಿಸಿದ: "ಗೊತ್ತು. ನಲ್ಲಿ ಹತ್ತಿರವೇ ಇತ್ತು. ನನಗೆ ಕೆಟ್ಟಿದ್ದು ಕಾಲು, ಕಿವಿಯಲ್ಲ."

ಅದೇ ವರ್ಷ ಶಾಲೆಯಿಂದ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದರು. ಅವನನ್ನು ಕೆಳಗೆ ಬುತ್ತಿಯ ಚೀಲಗಳ ಬಳಿ ಕೂರಿಸಿ ನಾವು ಹತ್ತಿದೆವು. ಇಳಿದು ಬಂದು ಓಬವ್ವನ ಕಿಂಡಿ, ತುಪ್ಪದ ಕೊಳ, ಮೇಲಿನ ಗಾಳಿ ಎಂದೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ವರ್ಣಿಸುತ್ತಿದ್ದಾಗ ಅವನು ಕೇಳಿದ್ದು ಒಂದೇ: "ಎಷ್ಟು ಮೆಟ್ಟಿಲು ಇದ್ದವು?" ಯಾರಿಗೂ ಗೊತ್ತಿರಲಿಲ್ಲ. ಹತ್ತುವವರು ಮೆಟ್ಟಿಲು ಎಣಿಸುವುದಿಲ್ಲ.

ತೈಮೂರನ ಮೊಣಕಾಲು

ಈ ಪ್ರವಾಸಕ್ಕಾಗಿ ಓದಲು ಕುಳಿತಾಗ ನಾನು ಮೊದಲು ಹುಡುಕಿದ್ದು ಆ ಕಾಲನ್ನೇ. 1941ರ ಜೂನ್‌ನಲ್ಲಿ ಸೋವಿಯತ್ ಮಾನವಶಾಸ್ತ್ರಜ್ಞ ಮಿಖಾಯಿಲ್ ಗೆರಾಸಿಮೊವ್ ಮತ್ತು ಸಂಗಡಿಗರು ಸಮರ್ಕಂದ್‌ನ ಸಮಾಧಿ ಭವನ ಗುರ್-ಎ-ಅಮೀರ್‌ನ ನೆಲಮಾಳಿಗೆಯಲ್ಲಿ ತೈಮೂರನ ಗೋರಿ ತೆರೆದರು. ಬಲ ಮಂಡಿಚಿಪ್ಪು ತೊಡೆಮೂಳೆಗೆ ಬೆಸೆದುಕೊಂಡಿತ್ತು. ಬಲ ಮೊಣಕೈ ಕೂಡ ಸೆಟೆದು ನಿಂತಿತ್ತು. ಹಳೆಯ ಚರಿತ್ರೆಕಾರರು ಬೈಗುಳವಾಗಿ ಬರೆದಿಟ್ಟದ್ದಕ್ಕೆ ಮೂಳೆಯ ಸಾಕ್ಷಿ ಸಿಕ್ಕಿತು. ಗೋರಿ ತೆರೆದ ಕೆಲವೇ ದಿನಗಳಲ್ಲಿ, ಜೂನ್ 22ರಂದು, ಹಿಟ್ಲರನ ಸೈನ್ಯ ಸೋವಿಯತ್ ಗಡಿ ದಾಟಿತು. ಅದು ತೈಮೂರನ ಶಾಪ ಎಂದು ಇಂದಿಗೂ ಮಾರ್ಗದರ್ಶಿಗಳು ದನಿ ತಗ್ಗಿಸಿ ಹೇಳುತ್ತಾರಂತೆ. ಆ ದಾಳಿಯ ಆದೇಶಕ್ಕೆ ಹಿಟ್ಲರ್ ಸಹಿ ಹಾಕಿದ್ದು 1940ರ ಡಿಸೆಂಬರಿನಲ್ಲಿ. ಶಾಪಕ್ಕೆ ಆರು ತಿಂಗಳು ಮುಂಗಡ ಸಿಕ್ಕಿತ್ತೆನ್ನಬೇಕು.

ಗೆಳೆಯನಿಗೆ ಇದನ್ನು ಓದಿ ಹೇಳಿದೆ. "ಅವನದು ಬಲಗಾಲೋ? ನನ್ನದು ಎಡಗಾಲು" ಎಂದ. ಸ್ವಲ್ಪ ತಡೆದು, "ಹೆಸರಿಟ್ಟವರು ಅಷ್ಟೂ ನೋಡಲಿಲ್ಲ" ಎಂದ. ಆಗಿನ್ನೂ ಅವನು ಕರಡು ಓದಿರಲಿಲ್ಲ.

ತೈಮೂರನ ಬಗ್ಗೆ ನನಗೆ ಮರೆಯಲಾಗದ ಚಿತ್ರ ಕೊಟ್ಟದ್ದು ಸ್ಪೇನಿನ ಕ್ಯಾಸ್ಟೀಲ್ ದೊರೆ ಕಳಿಸಿದ ರಾಯಭಾರಿ ಕ್ಲಾವಿಹೊ. ಅವನು 1404ರಲ್ಲಿ ಸಮರ್ಕಂದ್ ತಲುಪಿದಾಗ ಬೀಬಿ ಖಾನಮ್ ಮಸೀದಿಯ ಕೆಲಸ ನಡೆಯುತ್ತಿತ್ತು. ಮಹಾದ್ವಾರ ತಗ್ಗಾಯಿತೆಂದು ತೈಮೂರ ಅದನ್ನು ಕೆಡವಿಸಿದ್ದ. ಹೊಸದಕ್ಕೆ ಪಾಯ ತೆಗೆಯುವುದನ್ನು ನೋಡಲು ದಿನವೂ ಪಲ್ಲಕ್ಕಿಯಲ್ಲಿ ಬರುತ್ತಿದ್ದ. ನಡೆಯಲು ಆಗುತ್ತಿರಲಿಲ್ಲ, ಕುದುರೆಯ ಮೇಲೆ ಕೂರಲೂ ಆಗುತ್ತಿರಲಿಲ್ಲ. ಬೇಯಿಸಿದ ಮಾಂಸ ತರಿಸಿ ಗುಂಡಿಯಲ್ಲಿ ಕೆಲಸ ಮಾಡುವವರತ್ತ ಮೇಲಿನಿಂದ ಎಸೆಯುತ್ತಿದ್ದನಂತೆ. ಕೆಲಸ ಚೆನ್ನಾಗಿ ಆದರೆ ನಾಣ್ಯ. ಆ ಗುಂಡಿಯ ಸುತ್ತ ನಮ್ಮವರೂ ಇದ್ದರು. ಕಲ್ಲು ಸಾಗಿಸಲು ದೆಹಲಿಯಿಂದ ಒಯ್ದ ಆನೆಗಳು, ಕೆತ್ತಲು ಹಿಂದೂಸ್ತಾನದ ಕಲ್ಲುಕುಟಿಗರು. ತೊಂಬತ್ತೈದು ಆನೆ ಎಂಬ ಲೆಕ್ಕ ಸಿಗುತ್ತದೆ. ಕಲ್ಲುಕುಟಿಗರ ಹೆಸರಂತೂ ಒಂದೂ ಸಿಗುವುದಿಲ್ಲ. ತನ್ನ ಕಾಲ ಮೇಲೆ ನಿಲ್ಲಲಾರದ ಮುದುಕ ಬಾಗಿಲು ಸಾಲದು, ಇನ್ನೂ ಎತ್ತರಿಸಿ ಎಂದು ಹಟ ಹಿಡಿದ. ಅವಸರದಲ್ಲಿ ಎತ್ತರಿಸಿದ ಆ ಕಟ್ಟಡದಿಂದ ಕೆಲವೇ ವರ್ಷಗಳಲ್ಲಿ ಇಟ್ಟಿಗೆ ಉದುರತೊಡಗಿತು. 1897ರ ಭೂಕಂಪ ಉಳಿದದ್ದನ್ನೂ ಕೆಡವಿತು. ಈಗ ಅಲ್ಲಿ ನಾವು ನೋಡುವ ನೀಲಿ ಗುಮ್ಮಟ ಬಹುಮಟ್ಟಿಗೆ ಕಳೆದ ಶತಮಾನದ ಉತ್ತರಾರ್ಧದ ಕೆಲಸ.

ಇನ್ನೊಂದು ಮಾತು, ಪಟ್ಟಿ ಮಾಡುವ ಚಟವಿರುವ ನನ್ನಂಥವರಿಗಾಗಿ. ತೈಮೂರ ತನಗೆಂದು ಸಮಾಧಿ ಕಟ್ಟಿಸಿಕೊಂಡದ್ದು ಹುಟ್ಟೂರಿನ ಕಡೆಯ ಶಹ್ರಿಸಬ್ಜ್‌ನಲ್ಲಿ. 1405ರ ಫೆಬ್ರವರಿಯಲ್ಲಿ ಚೀನಾದ ಮೇಲೆ ದಂಡೆತ್ತಿ ಹೊರಟು ಒತ್ರಾರ್‌ನಲ್ಲಿ ಸತ್ತಾಗ ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತ್ತು. ಹಾಗಾಗಿ ಸಮರ್ಕಂದ್‌ನಲ್ಲಿ ಮೊಮ್ಮಗನಿಗಾಗಿ ಕಟ್ಟಿಸಿದ್ದ ಸಮಾಧಿಯಲ್ಲೇ ಅವನನ್ನೂ ಇಟ್ಟರು.

ಚೆಕ್ಕುಬಂದಿ

ನನ್ನ ಗೆಳೆಯ ಪತ್ರ ಬರಹಗಾರ. ಉಪ ನೋಂದಣಾಧಿಕಾರಿ ಕಚೇರಿಯ ಎದುರು ಹತ್ತಡಿ ಅಗಲದ ಅಂಗಡಿ, ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಗೋಡೆಗೆ ತಾಗಿಸಿಟ್ಟ ಊರುಗೋಲು. ಮೂವತ್ತು ವರ್ಷದಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಬರೆದು ಅವನಿಗೆ ಯಾವ ಕಾಗದ ಕೊಟ್ಟರೂ ಮೊದಲು ತಪ್ಪೇ ಕಾಣುವುದು. ನನ್ನ ಪಟ್ಟಿಯ "ಮೂರನೇ ದಿನ: ರೆಗಿಸ್ತಾನ್ ಚೌಕ" ಎಂಬ ಸಾಲಿಗೆ ಕೆಂಪು ಗೆರೆ ಎಳೆದು, "ಚೆಕ್ಕುಬಂದಿ ಎಲ್ಲಿ?" ಎಂದ. ತಮಾಷೆಯೆಂದುಕೊಂಡೆ. ಅವನು ಪೆನ್ನು ಹಿಡಿದು ಕಾಯುತ್ತಿದ್ದ. ಹೇಳಿದೆ, ಬರೆದುಕೊಂಡ: ಪೂರ್ವಕ್ಕೆ ಶೇರ್-ದೋರ್ ಮದರಸಾ, ಪಶ್ಚಿಮಕ್ಕೆ ಉಲುಗ್ ಬೇಗ್ ಮದರಸಾ, ಉತ್ತರಕ್ಕೆ ತಿಲ್ಲಾ-ಕೋರಿ ಮದರಸಾ, ದಕ್ಷಿಣಕ್ಕೆ ಸಾರ್ವಜನಿಕ ರಸ್ತೆ. ಈ ಮಧ್ಯೆ ಇರುವ ಖುಲ್ಲಾ ಜಾಗವೇ ರೆಗಿಸ್ತಾನ್. ಹೆಸರಿನ ಅರ್ಥ ಮರಳಿನ ಜಾಗ. ಒಂಬತ್ತು ವರ್ಷ ಓದಿದ್ದರೂ ಆ ಚೌಕ ನನ್ನ ತಲೆಯೊಳಗೆ ಅಷ್ಟು ಸ್ಪಷ್ಟವಾಗಿ ನಿಂತದ್ದು ಆವತ್ತೇ.

"ಯಾವುದು ಹಳೆಯದು?" ಪಶ್ಚಿಮದ್ದು, 1420ರಲ್ಲಿ ಮುಗಿದದ್ದು. ಉಳಿದೆರಡು ಅದಕ್ಕಿಂತ ಇನ್ನೂರು ವರ್ಷ ಈಚಿನವು. ಕಟ್ಟಿಸಿದ ಉಲುಗ್ ಬೇಗ್ ತೈಮೂರನ ಮೊಮ್ಮಗ. ಅಜ್ಜನಂತೆ ಊರು ಗೆಲ್ಲುವುದರಲ್ಲಿ ಮನಸ್ಸಿರಲಿಲ್ಲ. ಗುಡ್ಡದ ಮೇಲೆ ವೇಧಶಾಲೆ ಕಟ್ಟಿಸಿ 1018 ನಕ್ಷತ್ರಗಳ ಸ್ಥಾನ ಗುರುತಿಸಿದ ಪಟ್ಟಿ ಮಾಡಿಸಿದ. 1449ರಲ್ಲಿ ಮಗನೇ ಕೊಲ್ಲಿಸಿದ. ಆ ಮದರಸಾದ ಒಂದು ಮಿನಾರು ವಾಲಿ ಬೀಳುವಂತಾದಾಗ 1932ರಲ್ಲಿ ರಷ್ಯಾದ ಎಂಜಿನಿಯರ್ ಶುಖೊವ್‌ನ ಉಪಾಯದಂತೆ ಇಡೀ ಮಿನಾರನ್ನು ನೆಟ್ಟಗೆ ನಿಲ್ಲಿಸಿದರು ಎಂದು ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಗೆಳೆಯ ಪ್ಯಾಂಟಿನ ಮೇಲಿನಿಂದಲೇ ಮಂಡಿಯ ಕೀಲನ್ನು ಟಕ್ಕೆಂದು ಬಿಡಿಸಿ ಕಾಲು ಮಡಿಸಿಕೊಂಡ. "ಕ್ಯಾಲಿಪರ್ ಹಾಕಿದರು ಎನ್ನು."

ಅವನ ಪ್ರಶ್ನೆಗಳು ಅಲ್ಲಿಂದ ಮುಂದೆ ದಿನಕ್ಕೆರಡರಂತೆ ಮೊಬೈಲಿಗೆ ಬರತೊಡಗಿದವು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕ್ಯಾಲಿಪರ್ ಬಿಚ್ಚಿಸುತ್ತಾರೆಯೇ? ಹೋಟೆಲಿನಲ್ಲಿ ಕಮೋಡ್ ಇದ್ದರೆ ಸಾಕೇ, ಪಕ್ಕದಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯೇ? ರೈಲಿನ ಬಾಗಿಲಿಗೂ ಪ್ಲಾಟ್‌ಫಾರಂಗೂ ಎಷ್ಟು ಎತ್ತರ? ಯಾರೋ ಪ್ರವಾಸಿ ತೆಗೆದ ವಿಡಿಯೊದಲ್ಲಿ ಬೋಗಿಯ ಬಾಗಿಲು ಎರಡು ಸೆಕೆಂಡು ಕಾಣುತ್ತದೆ. ಅದನ್ನು ಏಳು ಸಲ ನಿಲ್ಲಿಸಿ ನೋಡಿದ್ದೇನೆ. ಅಷ್ಟು ಹೊತ್ತು ಆ ಪ್ರವಾಸಿ ಕಿಟಕಿಯಾಚೆಯ ಹತ್ತಿ ಹೊಲ ತೋರಿಸುತ್ತಿದ್ದ. ನಾನು ಹತ್ತಿ ನೋಡಲೇ ಇಲ್ಲ.

ಊಟದ ಚಿಂತೆ ಅವನಿಗಿಂತ ನನಗೇ ಹೆಚ್ಚು. ಇಬ್ಬರೂ ಸಸ್ಯಾಹಾರಿಗಳು. ಅಲ್ಲಿಯ ಪಲಾವಿನಲ್ಲಿ ಗಜ್ಜರಿ ಎಷ್ಟಿರುತ್ತದೋ ಕುರಿಮಾಂಸವೂ ಅಷ್ಟೇ ಇರುತ್ತದೆ, ಬೇಯುವುದೂ ಒಂದೇ ಕಡಾಯಿಯಲ್ಲಿ. ಸಿಗುವುದೆಂದರೆ ಟೊಮೆಟೊ-ಈರುಳ್ಳಿಯ ಅಚ್ಚಿಚುಕ್, ಕುಂಬಳಕಾಯಿ ತುಂಬಿದ ಸೋಮ್ಸಾ, ಮತ್ತು ಸಿಯೋಬ್ ಬಜಾರಿನ ರೊಟ್ಟಿ. ಸಮರ್ಕಂದ್‌ನ ರೊಟ್ಟಿ ದಪ್ಪ, ಭಾರ, ನಡುವೆ ಅಚ್ಚೊತ್ತಿ ತಂದೂರಿನ ಗೋಡೆಗೆ ಬಡಿದು ಸುಡುತ್ತಾರೆ, ಮೇಲೆ ಮಿರುಗು. ಬಹಳ ದಿನ ಕೆಡುವುದಿಲ್ಲವಂತೆ. ರೊಟ್ಟಿಯನ್ನು ಬೋರಲು ಇಡುವುದು ಅಲ್ಲಿ ಅಪಚಾರ. "ಕೆಡದ ರೊಟ್ಟಿ ನಮ್ಮಲ್ಲೂ ಇದೆ, ಸಜ್ಜೆ ಕಟಕ್ ರೊಟ್ಟಿ ಒಯ್ಯೋಣ, ಶೇಂಗಾ ಚಟ್ನಿಪುಡಿ ನನ್ನ ಜವಾಬ್ದಾರಿ" ಎಂದು ಅವನು ಆ ವಿಷಯ ಮುಗಿಸಿದ. ಅವನಿಗೆ ಕಾಡಿದ್ದು ಬೇರೆ. ಚಾಯ್‌ಖಾನಾಗಳಲ್ಲಿ ತಪ್ಚಾನ್ ಎಂಬ ಮಂಚದಂಥ ಜಗಲಿ ಇರುತ್ತದೆ. ಮೇಲೆ ಕಾಲು ಮಡಿಸಿ ಕುಳಿತು ಹಸಿರು ಚಹಾ ಕುಡಿಯಬೇಕು. ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ನಾನು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತೇನೆ. ಅವನೂ ಹಾಗೇ ಕೂರುತ್ತಿದ್ದನೇನೋ" ಎಂದ. ಅವನು ಎಂದರೆ ಯಾರು ಎಂದು ನಾನು ಕೇಳಲಿಲ್ಲ.

ಅಂದಹಾಗೆ ಉಜ್ಬೇಕಿಸ್ತಾನದಲ್ಲಿ ತೈಮೂರನ ದೊಡ್ಡ ಪ್ರತಿಮೆಗಳು ಮೂರು. ತಾಷ್ಕೆಂಟ್‌ನಲ್ಲಿ ಕುದುರೆಯ ಮೇಲಿದ್ದಾನೆ, ಶಹ್ರಿಸಬ್ಜ್‌ನಲ್ಲಿ ನಿಂತಿದ್ದಾನೆ, ಸಮರ್ಕಂದ್‌ನಲ್ಲಿ ಕುಳಿತಿದ್ದಾನೆ. ನಮ್ಮ ಪಠ್ಯಪುಸ್ತಕದ ಲೂಟಿಕೋರ ಅಲ್ಲಿ ರಾಷ್ಟ್ರಪುರುಷ, ಅಮೀರ್ ತೆಮೂರ್. ರಸ್ತೆಯ ಫಲಕದಲ್ಲಿ "ಲಂಗ್" ಇಲ್ಲ. ದೆಹಲಿಯಲ್ಲಿ ಅವನು ಮಾಡಿಸಿದ ಕೊಲೆಗಳನ್ನು ಮರೆತು ಆ ಪ್ರತಿಮೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ನನ್ನಿಂದಾಗದು. ಗೆಳೆಯನಿಗೆ ಅಂಥ ತಕರಾರಿಲ್ಲ. ಕುಳಿತಿರುವ ಪ್ರತಿಮೆಯ ಪಕ್ಕ ಕುಳಿತೇ ಒಂದು ಫೋಟೊ ಬೇಕೆಂದು ಪಟ್ಟಿಯಲ್ಲಿ ಅವನೇ ಸೇರಿಸಿದ್ದಾನೆ.

ಆ ದಾರಿಯಲ್ಲಿ ಹೋದದ್ದು

ಭಾರತಕ್ಕೂ ಮಧ್ಯ ಏಷ್ಯಾಕ್ಕೂ ಇದ್ದ ನಂಟಿನ ಬಗ್ಗೆ ಬರೆಯುವವರೆಲ್ಲ ಸಮೋಸಾ, ಕರಬೂಜ, ಬಾಬರ್ ಎಂದು ಶುರು ಮಾಡುತ್ತಾರೆ. ನಾನೂ ಹಾಗೆಯೇ ಬರೆಯುತ್ತಿದ್ದೆನೋ ಏನೋ. ಸಮರ್ಕಂದ್‌ನಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ತಜಿಕಿಸ್ತಾನದ ಗಡಿ. ಅತ್ತ ಒಂದು ದಿನ ಹೋಗಿಬರಬಹುದೇ ಎಂದು ನೋಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಪೋಲಿಯೊದಿಂದ ಮುಕ್ತವೆಂದು 2002ರಲ್ಲೇ ಘೋಷಿತವಾಗಿದ್ದ ಪ್ರದೇಶಕ್ಕೆ ಸೇರಿದ ತಜಿಕಿಸ್ತಾನದಲ್ಲಿ 2010ರಲ್ಲಿ ಪೋಲಿಯೊ ಹಠಾತ್ತನೆ ಹರಡಿ 450ಕ್ಕೂ ಹೆಚ್ಚು ಪ್ರಕರಣಗಳು ದೃಢಪಟ್ಟವು. ವೈರಾಣುವಿನ ವಂಶ ಪರೀಕ್ಷಿಸಿದಾಗ ಅದರ ಹತ್ತಿರದ ಬಂಧು ಸಿಕ್ಕಿದ್ದು ಉತ್ತರ ಪ್ರದೇಶದಲ್ಲಿ. ಅಂದರೆ ನಮ್ಮ ದೇಶದಿಂದಲೇ ಹೋದದ್ದು. ಮಾರನೇ ವರ್ಷದ ಜನವರಿಯ ನಂತರ ಭಾರತದಲ್ಲಿ ಈ ವೈರಾಣುವಿನ ಹೊಸ ಪ್ರಕರಣ ಬರಲಿಲ್ಲ. 2014ರಲ್ಲಿ ನಮಗೂ ಪ್ರಮಾಣಪತ್ರ ಸಿಕ್ಕಿತು. ಅಲ್ಲಿ ಅವತ್ತು ಕಾಲು ಕಳೆದುಕೊಂಡ ಮಕ್ಕಳಲ್ಲಿ ತೀರಾ ಚಿಕ್ಕವರಿಗೆ ಈಗ ಹದಿನೈದು-ಹದಿನಾರು ವರ್ಷ. ಅವರ ಶಾಲೆಗಳಲ್ಲಿ ಇತಿಹಾಸದ ಪಾಠ ಹೇಗೆ ನಡೆಯುತ್ತದೋ.

ಗೆಳೆಯನಿಗೆ ಇದನ್ನು ಹೇಳಬೇಕೇ ಬೇಡವೇ ಎಂದು ಎರಡು ದಿನ ಯೋಚಿಸಿ ಹೇಳಿದೆ. ಅವನು ಏನೂ ಅನ್ನಲಿಲ್ಲ. ಅಂಗಡಿಗೆ ಯಾರೋ ಪಹಣಿ ಹಿಡಿದುಕೊಂಡು ಬಂದರು.

ಪಾಪದ ಲೆಕ್ಕ

ಪಟ್ಟಿ ಈಗ ಪೂರ್ತಿ ಬೇರೆಯದಾಗಿದೆ. ಚಳಿಗಾಲ ಬಿಟ್ಟೆವು, ಹಿಮದ ಮೇಲೆ ಊರುಗೋಲು ಜಾರುತ್ತದೆ. ಬೇಸಿಗೆಯ ನಲವತ್ತು ಡಿಗ್ರಿಯಲ್ಲಿ ಕ್ಯಾಲಿಪರಿನ ಚರ್ಮದ ಪಟ್ಟಿ ತೊಡೆಗೆ ಕಚ್ಚಿ ಹುಣ್ಣಾಗುತ್ತದೆ. ಉಳಿದದ್ದು ಅಕ್ಟೋಬರ್. ಗುರ್-ಎ-ಅಮೀರ್‌ನಲ್ಲಿ ಎಲ್ಲರೂ ನೋಡುವ ಕಡುಹಸಿರು ಕಲ್ಲು ಮೇಲಿನ ಅಂಕಣದಲ್ಲೇ ಇದೆ; ನಿಜವಾದ ಗೋರಿ ಕೆಳಗಿನ ನೆಲಮಾಳಿಗೆಯಲ್ಲಿದ್ದರೂ ಅಲ್ಲಿಗೆ ಇಳಿಯಬೇಕೆಂದಿಲ್ಲ. ಉಲುಗ್ ಬೇಗ್‌ನ ವೇಧಶಾಲೆಯಲ್ಲಿ ನೋಡುವುದು ಆಕಾಶಕಾಯಗಳ ಎತ್ತರ ಅಳೆಯಲು ಗುಡ್ಡದೊಳಗೆ ಕೊರೆದ ದೈತ್ಯ ಕಮಾನಿನ ಕೆಳತುದಿ. 1908ರಲ್ಲಿ ಪುರಾತತ್ತ್ವಜ್ಞ ವ್ಯಾತ್ಕಿನ್ ಅಗೆದು ತೆಗೆದದ್ದು. ಗುಡ್ಡಕ್ಕೆ ಮೆಟ್ಟಿಲಿದೆ, ಆದರೆ ನಿಧಾನವಾಗಿ ಹತ್ತಬಹುದು ಎಂದಿದ್ದಾನೆ.

ತೊಡಕಿರುವುದು ಶಾಹ್-ಇ-ಜಿಂದಾದಲ್ಲಿ. ಎರಡೂ ಬದಿ ನೀಲಿ ಹೆಂಚಿನ ಸಮಾಧಿಗಳ ಓಣಿ. ನನ್ನ ಪಾಲಿಗೆ ಸಮರ್ಕಂದ್ ಎಂದರೆ ಅದೇ. ಓಣಿ ತಲುಪಲು ಕಡಿದಾದ ಮೆಟ್ಟಿಲು ಏರಬೇಕು. ಹತ್ತುವಾಗ ಎಣಿಸಿದ್ದೂ ಇಳಿಯುವಾಗ ಎಣಿಸಿದ್ದೂ ಸರಿಹೊಂದಿದರೆ ಪಾಪ ಕಳೆಯುತ್ತದೆ ಎಂಬ ನಂಬಿಕೆ ಅಲ್ಲಿಯದು. ಹಾಗಾಗಿ ಈ ಊರಿನಲ್ಲಿ ಎಲ್ಲರೂ ಎಣಿಸುವ ಮೆಟ್ಟಿಲುಗಳಿದ್ದರೆ ಇವೇ. ಆದರೂ ನಾನು ಓದಿದ ಕಡೆಯೆಲ್ಲ ಬೇರೆ ಬೇರೆ ಲೆಕ್ಕ: ಮೂವತ್ತಾರು ಎಂದವರಿದ್ದಾರೆ, ನಲವತ್ತು ಎಂದವರಿದ್ದಾರೆ. ಗೆಳೆಯ ಬಹಳ ಖುಷಿಪಟ್ಟ. "ಇಷ್ಟು ಜನ ಎಣಿಸಿಯೂ ಒಂದು ಲೆಕ್ಕಕ್ಕೆ ಬಂದಿಲ್ಲ. ನಾನು ಒಂದೊಂದಕ್ಕೂ ನಿಂತು ಹತ್ತುವವನು, ನನಗೆ ತಪ್ಪುವುದಿಲ್ಲ. ನೀನು ನನ್ನ ಹಿಂದೆ ಬಾ, ನಿನ್ನದೂ ಕಳೆಯಬಹುದು" ಎಂದ. ಮೇಲ್ಗಡೆ ಸ್ಮಶಾನದ ಕಡೆಯಿಂದಲೂ ಒಂದು ದಾರಿಯಿದೆ ಎಂದು ಕೆಲವರು ಬರೆದಿದ್ದಾರೆಂದು ಹೇಳಿದೆ. ಬೇಡ ಎಂದ.

ಕಳೆದ ಭಾನುವಾರ ಅವನ ಪಾಸ್‌ಪೋರ್ಟ್ ಅರ್ಜಿ ತುಂಬಲು ಕುಳಿತೆವು. ಐವತ್ತಮೂರು ವರ್ಷಕ್ಕೆ ಮೊದಲ ಪಾಸ್‌ಪೋರ್ಟ್. ಸಾವಿರಾರು ಜನರ ಕಾಗದ ತುಂಬಿದವನು, ನನ್ನನ್ನು ಕೀಲಿಮಣೆ ಮುಟ್ಟಲು ಬಿಡಲಿಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು. ಒಂದು ಕಡೆ "ನಿಮ್ಮನ್ನು ಬೇರೆ ಯಾವುದಾದರೂ ಹೆಸರಿನಿಂದ ಕರೆಯುತ್ತಾರೆಯೇ?" ಎಂಬರ್ಥದ ಪ್ರಶ್ನೆ ಬಂತು. ಅವನ ಕೈ ಮೌಸಿನ ಮೇಲೆ ನಿಂತಿತು. ನನ್ನ ಕಡೆ ನೋಡಲಿಲ್ಲ. ಜೆರಾಕ್ಸ್ ಯಂತ್ರದ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. "ಇಲ್ಲ" ಎಂಬುದನ್ನು ಒತ್ತಿ ಮುಂದಕ್ಕೆ ಹೋದ.

ಇನ್ನಷ್ಟು ಕೆಳಗೆ, ಎದ್ದು ಕಾಣುವ ಗುರುತು ಯಾವುದೆಂದು ಕೇಳಿತ್ತು. ನಾನು ಸುಮ್ಮನೆ ಪರದೆ ನೋಡುತ್ತಿದ್ದೆ. ಅವನು ಎರಡು ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿದ: ಬಲ ಹುಬ್ಬಿನ ತುದಿಯಲ್ಲಿ ಕಪ್ಪು ಮಚ್ಚೆ.

ತಿರುಗಿ ನೋಡಿದೆ. ಇತ್ತು. ಕಡಲೆಕಾಳಿನಷ್ಟು.